ಒಪ್ಪಿಗೆ ಎಂಬ ಕಾಲಂ

ಹುಣಸೂರಿನ ಹೊರಗೆ, ಮುಖ್ಯರಸ್ತೆಯ ಮಗ್ಗುಲಲ್ಲಿದ್ದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ನಾಲ್ಕು ವರ್ಷ ಕೆಲಸ ಮಾಡಿದೆ. ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿದ್ದ ಕಾಲ ಅದು. ಬಿ.ಕಾಂ. ಮುಗಿಸಿ, ಬಸ್ ಸ್ಟ್ಯಾಂಡ್ ಹಿಂದಿನ ಒಂದು ಮಹಡಿಯಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತಿದ್ದೆ, ಅಷ್ಟೆ. ಕಾರ್ಖಾನೆಗೆ ಹೊಸ ಸಾಫ್ಟ್‌ವೇರ್ ತರಿಸಿದಾಗ ಬೆಂಗಳೂರಿನಿಂದ ಬಂದ ಇಬ್ಬರು ಒಂದು ವಾರ ನನಗೆ ಪಾಠ ಹೇಳಿ, ಅಡ್ಮಿನ್ ಪಾಸ್‌ವರ್ಡನ್ನು ನನ್ನ ಕೈಗೆ ಕೊಟ್ಟು ಹೋದರು. ಅದು ಗೊತ್ತಿದ್ದವಳು ಇಡೀ ಕಾರ್ಖಾನೆಗೆ ನಾನೊಬ್ಬಳೇ. ಆಗ ನನಗೆ ಇಪ್ಪತ್ತಮೂರು. ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ರಜೆ ಅರ್ಜಿ, ಸ್ಟೋರಿನ ಬೇಡಿಕೆ, ಗೇಟ್ ಪಾಸ್, ಎಲ್ಲವೂ ಆ ಸಾಫ್ಟ್‌ವೇರಿನಲ್ಲೇ ಆಗಬೇಕಿತ್ತು. ಶಿಫ್ಟಿನ ನಡುವೆ ಯಾರಾದರೂ ಮನೆಗೆ ಹೋಗಬೇಕಾದರೆ ಸೂಪರ್‌ವೈಸರ್ ಆಕೆಯ ಹೆಸರು ಟೈಪ್ ಮಾಡುತ್ತಿದ್ದರು. ಅದು ಟೈಮ್ ಆಫೀಸಿನ ಗುಮಾಸ್ತರ ಮುಂದೆ ತೆರೆದುಕೊಳ್ಳುತ್ತಿತ್ತು. ಅವರು 'ಒಪ್ಪಿಗೆ' ಎಂಬ ಕಾಲಂನಲ್ಲಿ 'ಹೌದು' ಎಂದು ಒತ್ತಿದರೆ ಗೇಟಿನ ಬಳಿಯ ಪ್ರಿಂಟರಿನಲ್ಲಿ ಚೀಟಿ ಬರುತ್ತಿತ್ತು. ಚೀಟಿ ಬಂದರೆ ಮಾತ್ರ ವಾಚ್‌ಮನ್ ಗೇಟು ತೆಗೆಯುತ್ತಿದ್ದ. ಫಾರಂ ಒಂದೇ ಆದರೂ ಅದರ ಒಂದೊಂದು ಕಾಲಂ ಒಬ್ಬೊಬ್ಬರಿಗೆ ಸೇರಿದ್ದು. ಯಾರಿಗೆ ಯಾವುದು ಕಾಣಬೇಕು, ಯಾರು ಯಾವುದರಲ್ಲಿ ಬರೆಯಬಹುದು ಎಂಬ ನಿಯಮಗಳನ್ನು ಕೂರಿಸಿದವಳು ನಾನು. ಹಕ್ಕಿಲ್ಲದವರಿಗೆ ಆ ಕಾಲಂ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಆಮೇಲೆ ಎಷ್ಟು ಒತ್ತಿದರೂ ಅದು ಜಪ್ಪಯ್ಯ ಎನ್ನುತ್ತಿರಲಿಲ್ಲ.

ಟೈಮ್ ಆಫೀಸಿನ ಗುಮಾಸ್ತರಿಗೆ ಐವತ್ತು ದಾಟಿತ್ತು. ಚುಂಚನಕಟ್ಟೆ ಕಡೆಯವರು. ಹುಣಸೂರಿನಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಶನಿವಾರ ಸಂಜೆ ಊರಿಗೆ ಹೋಗಿ ಬರುತ್ತಿದ್ದರು. ಹಾಜರಿ ಪುಸ್ತಕ ಬರೆಯುವ ಅವರ ಅಕ್ಷರ ಅಚ್ಚಿನಂತಿತ್ತು. ಕಂಪ್ಯೂಟರ್ ಬಂದ ಮೇಲೆ ಆ ಅಕ್ಷರವನ್ನು ಕೇಳುವವರಿರಲಿಲ್ಲ. ಒಂದೇ ಬೆರಳಿನಲ್ಲಿ, ಕೀಲಿಗಳನ್ನು ಹುಡುಕಿ ಹುಡುಕಿ ಒತ್ತುತ್ತಿದ್ದರು. ನಾವು ಆಫೀಸಿನ ಹುಡುಗಿಯರು ಅದನ್ನು ನೋಡಿ ನಗುತ್ತಿದ್ದೆವು.

ಒಂದು ದಿನ ಅವರು ನನ್ನ ಮೇಜಿನ ಬಳಿ ಬಂದು ನಿಂತರು.

"ಮೇಡಂ, ಆ ಒಪ್ಪಿಗೆ ಕಾಲಂ ಒಂದೊಂದ್ಸಲ ಬೂದಿ ಬಣ್ಣ ಆಗೋಯ್ತದೆ. ಬರೆಯಾಕೆ ಬುಡಾಕಿಲ್ಲ. ವಸಿ ಬಂದು ನೋಡ್ತೀರಾ?"

ನಾನು ಕೂತಲ್ಲಿಂದ ಏಳಲಿಲ್ಲ. ಯಾರ ಪಾಸು ಎಂದು ಕೇಳಿ, ಆಕೆಯ ಗೇಟ್ ಪಾಸನ್ನು ನನ್ನ ಕಂಪ್ಯೂಟರಿನಲ್ಲೇ ತೆರೆದೆ. ಕಾಲಂ ಬೆಳ್ಳಗಿತ್ತು. 'ಹೌದು' ಎಂದು ಒತ್ತಿದೆ, ಒತ್ತಿಕೊಂಡಿತು.

"ನೋಡಿ, ಸರಿಯಾಗೇ ಇದೆ. ನೀವು ಮೌಸ್ ಎಲ್ಲೆಲ್ಲೋ ಒತ್ತಿರ್ತೀರಿ."

ಪಕ್ಕದ ಹುಡುಗಿ ಕಿಸಕ್ಕೆಂದಳು. ಅವರು ಒಂದು ಕ್ಷಣ ನನ್ನ ಪರದೆಯನ್ನೇ ನೋಡಿ, "ಇಲ್ಲಿ ಸರೀಗದೆ. ಅಲ್ಲಿ ಯಾಕೋ ಇಲ್ಲ ಕಣಮ್ಮ," ಎಂದು ಹೋದರು.

ಮತ್ತೆರಡು ಸಲ ಬಂದರು. ಎರಡು ಸಲವೂ ನಾನು ಮಾಡಿದ್ದು ಅಷ್ಟೆ. ನನ್ನ ಲಾಗಿನ್‌ನಿಂದ ತೆರೆದೆ, ಬಿಳಿಯಾಗಿದ್ದನ್ನು ತೋರಿಸಿದೆ, ಕಳಿಸಿದೆ. ಅಡ್ಮಿನ್‌ಗೆ ಯಾವ ನಿಯಮವೂ ತಾಗುವುದಿಲ್ಲ ಎಂದು ಬೆಂಗಳೂರಿನವರು ಮೊದಲ ದಿನವೇ ಹೇಳಿದ್ದರು. ಬೇರೆಯವರ ತೊಂದರೆ ತಿಳಿಯಬೇಕಾದರೆ ಅವರ ಲಾಗಿನ್‌ನಿಂದಲೇ ನೋಡಬೇಕು ಎಂದೂ ಹೇಳಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡೂ ಇದ್ದೆ. ಆದರೆ ಟೈಮ್ ಆಫೀಸಿಗೆ ಹೋಗಬೇಕಾದರೆ ಅಂಗಳ ದಾಟಬೇಕು, ಆ ಮುದುಕರ ಕುರ್ಚಿಯಲ್ಲಿ ಕೂರಬೇಕು. ಅಷ್ಟು ದೂರ ನಡೆಯುವುದು ನನ್ನ ಗೌರವಕ್ಕೆ ಕಮ್ಮಿ ಎನಿಸಿತ್ತು.

ಗುಮಾಸ್ತರು ತಮಗೆ ತಿಳಿದ ದಾರಿ ಹಿಡಿದರು. ಕಾಲಂ ಬೂದು ಆದಾಗಲೆಲ್ಲ ಒಂದು ಕಾಗದದ ಚೀಟಿ ಬರೆದು ಸಹಿ ಹಾಕಿ ಹೆಂಗಸರನ್ನು ಕಳಿಸತೊಡಗಿದರು. ಅದು ನನ್ನ ಕಣ್ಣಿಗೆ ಬಿತ್ತು. ಸಾಫ್ಟ್‌ವೇರ್ ಬಿಟ್ಟು ಚೀಟಿಯಲ್ಲೇ ಕೆಲಸ ನಡೆಸುತ್ತಿದ್ದಾರೆ, ಕಲಿಯಲು ಅವರಿಗೆ ಮನಸ್ಸಿಲ್ಲ ಎಂದು ಮ್ಯಾನೇಜರಿಗೆ ಹೇಳಿದೆ. ಮ್ಯಾನೇಜರು ಅವರಿಗೆ ಮೆಮೊ ಕೊಟ್ಟರು. ಇನ್ನು ಮುಂದೆ ಕೈಬರಹದ ಚೀಟಿ ನಡೆಯುವುದಿಲ್ಲ ಎಂದು ವಾಚ್‌ಮನ್‌ಗೂ ಹೇಳಲಾಯಿತು.

ಇದಾಗಿ ಹತ್ತು ದಿನವೂ ಕಳೆದಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಟೈಮ್ ಆಫೀಸಿಗೆ ಒಂದು ಫೋನ್ ಬಂತು. ಹೊಸ ಶೆಡ್ಡಿನ ಫಿನಿಶಿಂಗ್ ಸೆಕ್ಷನ್ನಿನಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಒಬ್ಬಾಕೆಯ ತಾಯಿ ಹಾರನಹಳ್ಳಿ ಹತ್ತಿರದ ಊರಿನಲ್ಲಿ ಕುಸಿದು ಬಿದ್ದಿದ್ದಾರೆ, ಮಗಳನ್ನು ಬೇಗ ಕಳಿಸಿ ಎಂದು ಆಕೆಯ ಅಣ್ಣ ಮಾಡಿದ ಫೋನು. ಸೂಪರ್‌ವೈಸರ್ ಕೂಡಲೇ ಗೇಟ್ ಪಾಸ್ ಕಳಿಸಿದರು. ಗುಮಾಸ್ತರ ಪರದೆಯಲ್ಲಿ ಕಾಲಂ ಬೂದು.

ನನಗೆ ಫೋನ್ ಮಾಡಿದರು. "ಒಂದ್ಸಲ ಲಾಗೌಟ್ ಮಾಡಿ ಮತ್ತೆ ಲಾಗಿನ್ ಆಗಿ," ಎಂದೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಫೋನ್ ಬಂತು. ನಾನು ಎತ್ತಲಿಲ್ಲ. ಆ ಹೊತ್ತಿಗೆ ಮ್ಯಾನೇಜರ್ ಕೋಣೆಯಲ್ಲಿ ಮುಖ್ಯ ಕಚೇರಿಯವರಿಗೆ ಆ ತಿಂಗಳ ಪಟ್ಟಿಗಳನ್ನು ತೋರಿಸಲು ಹೊರಟಿದ್ದೆ. ಸ್ವಲ್ಪ ಹೊತ್ತಿಗೆ ಗುಮಾಸ್ತರೇ ಆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಅಂಗಳ ದಾಟಿ ಓಡಿಬಂದಿದ್ದರಿಂದ ಏದುಸಿರು ಬಿಡುತ್ತಿದ್ದರು.

"ಮೇಡಂ, ಆವಮ್ಮನ ತಾಯಿಗೆ ಸೀರಿಯಸ್ಸಂತೆ. ಒಂದು ಚೀಟಿ ಬರ್ಕೊಟ್ಬುಡ್ಲಾ? ನೀವೊಂದು ಮಾತು ವಾಚ್‌ಮನ್‌ಗೆ ಹೇಳಿ."

ಒಳಗಿದ್ದವರೆಲ್ಲ ನನ್ನತ್ತ ನೋಡುತ್ತಿದ್ದರು. ನನ್ನ ಸಾಫ್ಟ್‌ವೇರಿನ ಬಗ್ಗೆ ಇವರು ಇಲ್ಲಿ ದೂರು ಹೇಳಬಾರದು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

"ಮೆಮೊ ಕೊಟ್ಟಿದ್ದು ಮರೆತೋಯ್ತಾ? ಸರಿಯಾಗಿ ಒತ್ತಿ, ಬರುತ್ತೆ. ಆಮೇಲೆ ಬರ್ತೀನಿ, ಹೋಗಿ."

ಅವರು ಹೋದರು. ನನ್ನ ಪಟ್ಟಿಗಳು ಮುಗಿಯುವಾಗ ಒಂದು ಗಂಟೆ. ಅಷ್ಟರಲ್ಲಿ ಗೇಟಿನ ಕಡೆಯಿಂದ ಗಲಾಟೆ ಕೇಳಿಸಿತು. ಕೆಳಗಿಳಿದು ಹೋದರೆ ಆ ಹೆಂಗಸು ಗೇಟಿನ ಸರಳು ಹಿಡಿದು ನಿಂತಿದ್ದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಊಟಕ್ಕೆ ಬಂದಿದ್ದ ಹೆಂಗಸರು ಸುತ್ತ ನೆರೆದಿದ್ದರು. ಗುಮಾಸ್ತರು ಟೈಮ್ ಆಫೀಸಿನ ಕಿಟಕಿಯ ಹಿಂದೆ ಇನ್ನೂ ಮೌಸ್ ಒತ್ತುತ್ತಲೇ ಇದ್ದರು.

ನಾನು ಮೇಲೆ ಹೋಗಿ ನನ್ನ ಕಂಪ್ಯೂಟರಿನಲ್ಲಿ ತೆರೆದು 'ಹೌದು' ಎಂದು ಒತ್ತಿದೆ. ಒಂದು ನಿಮಿಷ ಹಿಡಿಯಲಿಲ್ಲ. ಚೀಟಿ ಬಂತು, ಗೇಟು ತೆರೆಯಿತು.

ನಾನು ಮತ್ತೆ ಕೆಳಗಿಳಿದು ಬಂದಾಗ ಆ ಹೆಂಗಸು ಹೊರಡುವ ಮುಂಚೆ ನನ್ನ ಎರಡೂ ಕೈ ಹಿಡಿದುಕೊಂಡು, "ನೀವು ದೇವ್ರಂಗೆ ಬಂದ್ರಿ ಮೇಡಂ," ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಎಲ್ಲರ ಮುಂದೆ ಕೂಗಿದಳು: "ನಿಂಗೂ ಅವ್ವ ಇಲ್ವೇನಯ್ಯ? ಒಂದು ಬಟನ್ ಒತ್ತಾಕೆ ಬರ್ದಿದ್ಮೇಲೆ ಆ ಕುರ್ಚೀಲಿ ಯಾಕ್ ಕುಂತಿದ್ದೀಯ? ನಿನ್ ಕಣ್ಣಿಂಗೋಗ!"

ಗುಮಾಸ್ತರು ತಲೆ ಎತ್ತಿದರು. ನೋಡಿದ್ದು ಅವಳನ್ನಲ್ಲ, ನನ್ನನ್ನು. ನಾನು ಊಟಕ್ಕೆ ಹೊರಟೆ.

ಊಟ ಮುಗಿದ ಮೇಲೆ, ಮೊದಲ ಬಾರಿಗೆ, ಅಂಗಳ ದಾಟಿ ಅವರ ಕುರ್ಚಿಯಲ್ಲಿ ಕೂತೆ. ಅವರ ಲಾಗಿನ್‌ನಿಂದ ಆ ಹೆಂಗಸಿನ ಪಾಸ್ ನೋಡಿದೆ. ಬೂದು. ಬೇರೆ ಸೆಕ್ಷನ್ನಿನವರ ಹೆಸರು ತೆರೆದೆ. ಬಿಳಿ. ಫಿನಿಶಿಂಗ್‌ನಿಂದ ಹೊಸ ಶೆಡ್ಡಿಗೆ ಹೋದ ಹೆಂಗಸರದು ಮಾತ್ರ, ಒಂದೂ ಬಿಡದೆ, ಬೂದು. ಎರಡು ತಿಂಗಳ ಹಿಂದೆ ಅವರಿಗೆಂದು 'ಎರಡನೇ ಫಿನಿಶಿಂಗ್' ಎಂಬ ಹೊಸ ಸೆಕ್ಷನ್ ಮಾಡಿದವಳು ನಾನೇ. ಕೆಲಸಗಾರರ ಪಟ್ಟಿಯಲ್ಲಿ ಹೆಸರು ಬದಲಿಸಿದ್ದೆ. ಒಪ್ಪಿಗೆ ಕಾಲಂನ ನಿಯಮದಲ್ಲಿ ಆ ಹೆಸರು ಸೇರಿಸುವುದನ್ನು ಮರೆತಿದ್ದೆ. ನಿಯಮಕ್ಕೆ ಗೊತ್ತಿಲ್ಲದ ಸೆಕ್ಷನ್ ಬಂದರೆ ಅದು ಕಾಲಂಗೆ ಬೀಗ ಹಾಕುತ್ತಿತ್ತು. ಗುಮಾಸ್ತರು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು.

ಎರಡು ಪದ ಸೇರಿಸಿದೆ. ಕಾಲಂ ಬಿಳಿಯಾಯಿತು. ಅವರು ನನ್ನ ಹಿಂದೆಯೇ ನಿಂತಿದ್ದರು.

"ಈಗ ಸರಿ ಓಯ್ತಲ್ಲ. ನಾನೇನ್ ತೆಪ್ಪು ಮಾಡ್ತಿದ್ದೆ ಮೇಡಂ?"

"ಏನಿಲ್ಲ. ಯಾವುದೋ ಒಂದು ಸೆಟ್ಟಿಂಗ್."

"ಯಾರ್ ಮಾಡಿದ್ ಸೆಟ್ಟಿಂಗು?"

ನಾನು ಎದ್ದೆ. ದೂರಿನ ಪುಸ್ತಕದಲ್ಲಿ 'ಬಳಕೆದಾರರಿಗೆ ಸರಿಯಾದ ಕ್ರಮ ತಿಳಿಸಲಾಗಿದೆ' ಎಂದು ಬರೆದು ಸಹಿಗೆ ಕೊಟ್ಟೆ. ಅವರು ಎರಡು ಸಲ ಓದಿದರು. ಓದಿ, ಆ ಮುತ್ತಿನಂಥ ಅಕ್ಷರದಲ್ಲಿ ಸಹಿ ಹಾಕಿದರು.

ಆ ಹೆಂಗಸು ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದಳು. ತಾಯಿ ಮರುದಿನ ಬೆಳಿಗ್ಗೆ ತೀರಿಕೊಂಡಿದ್ದರು. ಅವಳು ಮನೆ ಮುಟ್ಟುವಾಗ ಜೀವವಿತ್ತಂತೆ, ಮಾತು ನಿಂತುಹೋಗಿತ್ತಂತೆ. "ನಾ ಬರೋಕ್ ಮುಂಚೆ ನನ್ನೆಸ್ರೇ ಕೂಗ್ತಿತ್ತಂತೆ ಕಣಿ ಮೇಡಂ. ಒಂದು ಗಂಟೆ ಮುಂಚೆ ಓಗಿದ್ರೆ ಮಾತಾಡ್ಸೋದು," ಎಂದಳು. ಹೇಳುತ್ತಲೇ ಚೀಲದಿಂದ ಅವರೆಕಾಯಿಯ ಗಂಟು ತೆಗೆದು ನನ್ನ ಮೇಜಿನ ಮೇಲಿಟ್ಟಳು. "ನಮ್ಮೊಲದ್ದು. ನೀವಿಲ್ದಿದ್ರೆ ಮುಖಾನೂ ನೋಡ್ತಿರ್ನಿಲ್ಲ."

ತೆಗೆದುಕೊಂಡು ಹೋದೆ. ಮನೆಯಲ್ಲಿ ಅಮ್ಮ ಹಿತಕಿದ ಬೇಳೆಯ ಸಾರು ಮಾಡಿದಳು. ಉಂಡೆ. ಆಮೇಲೂ ಆ ಹೆಂಗಸು ಹಸಿ ಕಡಲೆಕಾಯಿ, ಗೆಣಸು, ಅದು ಇದು ತರುತ್ತಿದ್ದಳು. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕಾಗುತ್ತಿತ್ತು. ಹಾಗಾಗಿ ಬೇಡ ಎನ್ನಲಿಲ್ಲ.

ಗುಮಾಸ್ತರನ್ನು ಫಿನಿಶಿಂಗ್‌ನ ಹೆಂಗಸರು ಮಾತಾಡಿಸುವುದನ್ನೇ ಬಿಟ್ಟರು. ಕಿಟಕಿಯ ಮುಂದೆ ಹಾಯುವಾಗ ಬೇಕೆಂದೇ ಮುಖ ತಿರುಗಿಸುತ್ತಿದ್ದರು. ಗುಮಾಸ್ತರು ಯಾರ ಹತ್ತಿರವೂ ಏನೂ ಹೇಳಿಕೊಳ್ಳಲಿಲ್ಲ. ಬೇಸಿಗೆ ಬರುವ ಹೊತ್ತಿಗೆ, ಊರಲ್ಲಿ ಗದ್ದೆ ನೋಡಿಕೊಳ್ಳುತ್ತೇನೆ ಎಂದು ಕೆಲಸ ಬಿಟ್ಟರು. ಬಿಟ್ಟ ಮೇಲೆ ಮ್ಯಾನೇಜರಿಗೆ ನಿಜ ಹೇಳಿದೆ. ಅವರು ಫೈಲಿನಿಂದ ತಲೆಯನ್ನೂ ಎತ್ತದೆ, "ಈಗ ಸರಿಯಿದೆ ತಾನೇ?" ಎಂದರು. ನನಗೆ ಬೈಗುಳ ಬೇಕಿತ್ತು. ಅದು ಸಿಗಲಿಲ್ಲ.

ಕೊನೆಗೆ ಆ ಹೆಂಗಸಿಗೇ ಹೇಳಿದೆ. ಕ್ಯಾಂಟೀನಿನ ಹಿಂದೆ, ಕೈ ತೊಳೆಯುವ ನಲ್ಲಿಯ ಬಳಿ. ತಪ್ಪು ನನ್ನದು, ಅವರು ಮೂರು ಸಲ ಬಂದು ಹೇಳಿದ್ದರು, ಚೀಟಿ ಬರೆಯಲು ಕೇಳಿದಾಗ ಬೇಡ ಎಂದವಳೂ ನಾನೇ ಎಂದೆ. ಬಯ್ಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವಳು ನೀರು ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡಳು.

"ಅಂಗಾದ್ರೆ ನಾನು ಆವಯ್ಯಂಗೆ ಅಷ್ಟು ಜನದ ಮುಂದೆ ಬಾಯಿಗ್ ಬಂದಂಗೆ ಅಂದ್ಬುಟ್ನಲ್ಲ," ಎಂದಳು. ತಾಯಿಯ ಮಾತು ಎತ್ತಲೇ ಇಲ್ಲ. ನನ್ನ ತಪ್ಪಿನಲ್ಲಿ ಅವಳಿಗೂ ಒಂದು ಪಾಲು ಹೊರಿಸಿದ್ದೆ ಎಂದು ನನಗೆ ಆಗ ಹೊಳೆಯಿತು.

ಎರಡು ದಿನ ಬಿಟ್ಟು ಬಂದು, "ಭಾನುವಾರ ಚುಂಚನಕಟ್ಟೆಗೆ ಓಯ್ತಾ ಇವ್ನಿ. ಆವಯ್ಯನ ಮನೆ ಕೇಳ್ಕೊಂಡಿವ್ನಿ. ನೀವೂ ಬತ್ತೀರಾ?" ಎಂದು ಕೇಳಿದಳು.

ಮನೆಗೆ ನೆಂಟರು ಬರುತ್ತಾರೆ ಎಂದೆ. ಯಾರೂ ಬರುವವರಿರಲಿಲ್ಲ.

ಸೋಮವಾರ ಅವಳನ್ನು ಹುಡುಕಿಕೊಂಡು ಹೋಗಿ, "ಹೋಗಿದ್ರಾ?" ಎಂದೆ.

"ಓಗಿದ್ದೆ," ಎಂದಳು. ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡು ಕೆಲಸ ಮುಂದುವರಿಸಿದಳು. ಅಲ್ಲೇನಾಯಿತು, ಅವರು ಏನೆಂದರು, ಏನೂ ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಆಮೇಲೆ ಅವಳು ನನಗೆ ಏನನ್ನೂ ತರಲಿಲ್ಲ.

ಮದುವೆಯಾದ ಮೇಲೆ ಒಮ್ಮೆ ಗಂಡನ ಮನೆಯವರೊಂದಿಗೆ ಚುಂಚನಕಟ್ಟೆಗೆ ಹೋಗಿದ್ದೆ. ಎಲ್ಲರೂ ದೇವಸ್ಥಾನಕ್ಕೆ ಹೋಗಿ, ಹೊಳೆ ನೋಡಲು ಇಳಿದರು. ನಾನು ಕಾಲು ನೋವೆಂದು ಅಂಗಡಿಯೊಂದರ ನೆರಳಲ್ಲಿ ಕೂತೆ. ಅಂಗಡಿಯವನನ್ನು ಕೇಳಿದ್ದರೆ ಗುಮಾಸ್ತರ ಮನೆ ತೋರಿಸುತ್ತಿದ್ದ. ಅರ್ಧ ಗಂಟೆ ಕೂತಿದ್ದೆ. ಕೇಳಲಿಲ್ಲ.