ದುಖಾನಿನಲ್ಲಿ ಇಲ್ಲದ ಮಗ

ಆಗ ನನಗೆ ಅರವತ್ತಮೂರು. ಅದಾಗಿ ಹದಿನೇಳು ವರ್ಷ ಕಳೆಯಿತು. ಮಗಳ ಮನೆ ದೋಹಾದ ಅಲ್ ಮನ್ಸೂರಾದಲ್ಲಿ. ಕೆಳಗೆ ನಮ್ಮ ಕಡೆಯವರ ಹೋಟೆಲು, ಮೂರನೇ ಮಹಡಿಯಲ್ಲಿ ನಾವು. ನಾನು ವಿಸಿಟ್ ವೀಸಾದಲ್ಲಿ ಹೋದವಳು. ಓದಿದ್ದು ಮೂರನೇ ಕ್ಲಾಸು, ಆಮೇಲೆ ನಲವತ್ತು ವರ್ಷ ಬೀಡಿ ಕಟ್ಟಿದ್ದು. ಇದರಲ್ಲಿ ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿ.

ಮೊಮ್ಮಗಳು ಹಗಲು ಒಂದು ಆಫೀಸಿಗೆ ಹೋಗುತ್ತಿದ್ದಳು. ಸಂಜೆ ಮನೆಯಲ್ಲೇ ಕೂತು ಇಂಗ್ಲಿಷ್ ಎಂ.ಎ.ಗೆ ಓದುತ್ತಿದ್ದಳು. ಆ ವರ್ಷ ಅವಳ ಪಾಠದಲ್ಲಿ ಇದ್ದದ್ದು ಕಬ್ಬಿಣದ ಅಂಗಿ ತೊಟ್ಟು ಕುದುರೆ ಮೇಲೆ ತಿರುಗುವ ವೀರರ ಹಳೆಯ ಕಾವ್ಯಗಳು. ನಾನು ಅಡುಗೆಮನೆಯಲ್ಲಿ ಬೂತಾಯಿ ಮೀನು ಸರಿ ಮಾಡುವಾಗ ಅವಳು ಬಾಗಿಲಲ್ಲಿ ಕೂತು ಒಂದೊಂದು ಕಥೆ ಹೇಳುತ್ತಿದ್ದಳು. ಆ ವೀರರಿಗೆ ಯುದ್ಧ ದೊಡ್ಡ ಕಷ್ಟವಲ್ಲ. ಯಾರೋ ವೇಷ ಬದಲಿಸಿ ಬಂದು ಏನಾದರೂ ಕೇಳುತ್ತಾರೆ, ಅದೇ ಕಷ್ಟ.

ಒಂದು ಕಥೆ ಹೀಗಿತ್ತು. ಸೂರ್ಯ ಮುಳುಗುವವರೆಗೆ ಸೇತುವೆ ದಾಟಲು ಯಾರನ್ನೂ ಬಿಡುವುದಿಲ್ಲ ಎಂದು ಒಬ್ಬ ವೀರ ರಾಜನಿಗೆ ಮಾತು ಕೊಟ್ಟಿದ್ದಾನೆ. ಹೆಂಗಸು ಕೇಳಿದ್ದಕ್ಕೆ ಇಲ್ಲ ಎನ್ನುವುದಿಲ್ಲ ಎಂಬ ವ್ರತವೂ ಅವನಿಗೆ ಉಂಟು. ಮಧ್ಯಾಹ್ನ ಒಬ್ಬಳು ಮುದುಕಿ ಕೆಮ್ಮುತ್ತ ಬಂದು ದಾಟಿಸು ಎನ್ನುತ್ತಾಳೆ. ಅವನು ದಾಟಿಸುತ್ತಾನೆ. ಆಚೆ ದಡದಲ್ಲಿ ಮುದುಕಿ ಚಿಂದಿ ಬಿಸಾಡಿ ನಿಂತರೆ, ಅವಳು ರಾಜನ ತಂಗಿ! ಮಾತಿಗೆ ತಪ್ಪಿದೆ ಎಂದು ಎಲ್ಲರೆದುರು ಉಗಿಯುತ್ತಾಳೆ.

"ಬಿಡದಿದ್ರೆ?" ಎಂದು ಕೇಳಿದೆ.

"ಹೆಂಗಸಿಗೆ ಇಲ್ಲ ಅಂದೆ ಅಂತ ಉಗೀತಿದ್ಳು."

"ಹಾಗಾದ್ರೆ ಅವ ಎಂತ ಮಾಡ್ಬೇಕಿತ್ತು ಮಾರಾಯ್ತಿ?"

"ಅದೇ ಅಜ್ಜಿ ಪರೀಕ್ಷೆಗೆ ಬರುವ ಪ್ರಶ್ನೆ. ಇಪ್ಪತ್ತು ಮಾರ್ಕಿಗೆ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಬೀಡಿ ಡಿಪೋದಲ್ಲಿ ಚೆಕ್ಕರ್ ನಮ್ಮ ಬೀಡಿ ಕಟ್ಟಿನೊಳಗೆ ಕೈ ಹಾಕಿ, ಸರಿಯಿಲ್ಲ ಎಂದು ಒಂದು ಹಿಡಿ ತೆಗೆದು ಎಸೆಯುತ್ತಿದ್ದ. ಕೆಟ್ಟ ಎಲೆಯನ್ನು ಡಿಪೋದವರೇ ಕೊಟ್ಟು, ಆಮೇಲೆ ಎಲೆ ಕೆಟ್ಟಿದೆ ಎಂದು ಎಸೆದದ್ದೂ ಉಂಟು. ರಾಜನ ತಂಗಿ ಅದೇ ಜಾತಿಯವಳು ಎಂದೆ. ಮೊಮ್ಮಗಳು ನಕ್ಕು ನಕ್ಕು ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು.

ಅದೇ ತಿಂಗಳು ಅವಳಿಗೊಂದು ಸಂಬಂಧ ಬಂತು. ಹುಡುಗ ಉಡುಪಿ ಕಡೆಯವನು, ದೋಹಾದಿಂದ ಒಂದು ಗಂಟೆ ದೂರದ ದುಖಾನಿನಲ್ಲಿ ಒಂದು ಕಂಪೆನಿಯ ಬಸ್ಸುಗಳ ಮೇಲ್ವಿಚಾರಕ. ಫೋಟೋ ಹೋಗಿ ಬಂದಿತ್ತು. ಇಬ್ಬರೂ ಫೋನಿನಲ್ಲಿ ನಾಲ್ಕೈದು ಸಲ ಮಾತಾಡಿದ್ದರು. ಶನಿವಾರ ಹತ್ತು ಗಂಟೆಗೆ ಹುಡುಗನ ಅಣ್ಣ ಊರಿನಿಂದ ಫೋನ್ ಮಾಡುವವನಿದ್ದ. ಹೌದೋ ಅಲ್ಲವೋ ಆಗಲೇ ಹೇಳಬೇಕು.

ಗುರುವಾರ ಮೊಮ್ಮಗಳು ನನ್ನ ಹತ್ತಿರ ಬಂದು ಕೂತಳು. "ಅಜ್ಜಿ, ಅವ ಹೇಳ್ತಾನೆ, ಸುಳ್ಳು ಹೇಳುದಿಲ್ಲ, ಕಷ್ಟದಲ್ಲಿ ಇದ್ದವರನ್ನು ಬಿಟ್ಟು ಹೋಗುದಿಲ್ಲ ಅಂತ. ಫೋನಲ್ಲಿ ಯಾರು ಬೇಕಾದ್ರೂ ಹೇಳ್ಬಹುದು. ಅವ ನಿಮ್ಮನ್ನು ನೋಡ್ಲಿಲ್ಲ ಅಲ್ವಾ?"

"ಚಿಂದಿ ಸುತ್ತಿಕೊಂಡು ಹೋಗ್ಬೇಕಾ ನಾನು?"

"ಚಿಂದಿ ಬೇಡ. ನಿಮ್ಮ ಹಳೇ ಸೀರೆ ಸಾಕು. ನೀವು ನೋಡಿ ಬಂದು ಎಂತ ಹೇಳ್ತೀರೋ ನಂದು ಅದೇ."

ನಾಲ್ಕು ದಿನ ಮೊದಲು ರಾಜನ ತಂಗಿಯನ್ನು ಬೈದವಳು ನಾನೇ. ಆದರೂ ಒಪ್ಪಿದೆ. ಹುಡುಗಿಯ ಬದುಕಿನ ಪ್ರಶ್ನೆ ಎಂದು ಒಪ್ಪಿದೆನೋ, ಮನೆಯೊಳಗೆ ಕೂತು ಬೇಜಾರಾಗಿ ಒಪ್ಪಿದೆನೋ, ಹೇಳಲಾರೆ.

ಶುಕ್ರವಾರ ಹುಡುಗನ ಕಂಪೆನಿಯವರು ಪೇಟೆ ಕೆಲಸಕ್ಕೆ ದೋಹಾಕ್ಕೆ ಬರುತ್ತಿದ್ದರು. ನಾಲ್ಕು ಗಂಟೆಗೆ ಅವರ ಬಸ್ಸು ನಮ್ಮ ಮನೆಯ ಹಿಂದಿನ ಬೀದಿಯಿಂದ ಹೊರಡುತ್ತಿತ್ತು. ಮೇ ತಿಂಗಳು, ನೆಲಕ್ಕೆ ಚಪ್ಪಲಿ ಅಂಟುವಂಥ ಬಿಸಿಲು. ಹುಡುಗ ಪಟ್ಟಿ ಹಿಡಿದು ಬಸ್ಸಿನ ಬಾಗಿಲಲ್ಲಿ ನಿಂತಿದ್ದ. ಫೋಟೋದಲ್ಲಿ ಇದ್ದಷ್ಟು ಕೂದಲು ತಲೆಯಲ್ಲಿ ಇರಲಿಲ್ಲ.

"ಮಗಾ, ನನ್ನನ್ನು ದುಖಾನಿಗೆ ಕರ್ಕೊಂಡು ಹೋಗ್ತೀಯಾ? ನನ್ನ ಮಗ ಅಲ್ಲಿದ್ದಾನೆ. ಜ್ವರ ಬಂದು ಮಲಗಿದ್ದಾನಂತೆ."

"ಆಗುದಿಲ್ಲ ಅಮ್ಮ. ಕಂಪೆನಿ ಬಸ್ಸು. ಕಾರ್ಡ್ ಇಲ್ಲದವರನ್ನು ಹತ್ತಿಸ್ಲಿಕ್ಕೆ ಇಲ್ಲ."

"ಯಾರು ನೋಡ್ತಾರೆ?"

"ನೋಡದಿದ್ರೂ ಇಲ್ಲ."

ಸರಿ, ನಿಯಮ ಬಿಡುವವನಲ್ಲ ಎಂದುಕೊಂಡೆ. ಅಲ್ಲಿಗೆ ಮುಗಿಸಿ ಮನೆಗೆ ಹೋಗಿದ್ದರೆ ಇಷ್ಟು ಬರೆಯುವ ಕೆಲಸ ಇರಲಿಲ್ಲ. ಆದರೆ ಕಷ್ಟದಲ್ಲಿ ಇದ್ದವರ ವಿಷಯ ನೋಡಬೇಕಲ್ಲ. ಅಲ್ಲೇ ಕಟ್ಟೆಯ ಅಂಚಿನಲ್ಲಿ ತಲೆ ಹಿಡಿದು ಕೂತೆ.

ಅವನು ಇಳಿದು ಬಂದ. ಅಂಗಡಿಯಿಂದ ನೀರು ಮತ್ತು ಒಂದು ಮಜ್ಜಿಗೆ ಬಾಟಲಿ ತಂದು ಕೊಟ್ಟ. "ನೆರಳಿಗೆ ಬನ್ನಿ ಅಮ್ಮ. ಮಗನ ಹೆಸರೆಂತ? ಯಾವ ಕ್ಯಾಂಪು?" ಎಂದ.

ನಾನು ಇದಕ್ಕೆ ತಯಾರಾಗಿರಲಿಲ್ಲ. ಬಾಯಿಗೆ ಬಂದ ಹೆಸರು ಹೇಳಿದೆ. ನಮ್ಮ ಊರ ಕಡೆ ಆ ಹೆಸರಿನವರು ಬೀದಿಗೆ ಹತ್ತು ಜನ. ಕೆಲಸದವರು ಉಳಿಯುವ ಕ್ಯಾಂಪಿನ ಹೆಸರು ಗೊತ್ತಿಲ್ಲ ಎಂದೆ.

ಅವನು ಫೋನ್ ಕಿವಿಗಿಟ್ಟು ಬಸ್ಸಿನ ಹಿಂದೆ ಹೋದ. ಒಬ್ಬರ ನಂತರ ಒಬ್ಬರಿಗೆ ಫೋನ್ ಮಾಡಿದ. ಮಲಯಾಳಂ ಕೇಳಿತು, ಹಿಂದಿ ಕೇಳಿತು, ನನಗೆ ಎರಡೂ ಬರುವುದಿಲ್ಲ. ಬಸ್ಸಿನವರು ಹೊರಡು ಎಂದು ಕಿಟಕಿ ಬಡಿಯತೊಡಗಿದರು.

"ಯಲ್ಲಾ ಭಾಯ್, ಯಲ್ಲಾ!"

"ಅಜ್ಜಿಯನ್ನು ದತ್ತು ತೆಗೊಂಡ್ಯಾ ಎಂತ ಮಾರಾಯ? ಹತ್ತು!" ಎಂದ ನಮ್ಮ ಕಡೆಯವನೊಬ್ಬ.

ಇಪ್ಪತ್ತು ನಿಮಿಷ ಆಗಿರಬಹುದು. ಅವನು ಬೆವರು ಒರೆಸುತ್ತ ಬಂದ.

"ಸಿಕ್ಕಿದ ಅಮ್ಮ. ನಿಮ್ಮ ಮಗನಿಗೆ ಜ್ವರ ಬಿಟ್ಟಿದೆಯಂತೆ. ಗಂಜಿ ಕುಡಿದು ಮಲಗಿದ್ದಾನೆ. ನೀವು ಈ ಬಿಸಿಲಲ್ಲಿ ಬರ್ಬೇಡಿ, ನಾಳೆ ಅವನೇ ಫೋನ್ ಮಾಡ್ತಾನಂತೆ."

ಇಷ್ಟು ಹೇಳಿ ಬಸ್ಸು ಹತ್ತಿದ. ಬಸ್ಸು ಹೋಯಿತು. ಮಜ್ಜಿಗೆ ಬಾಟಲಿ ನನ್ನ ಕೈಯಲ್ಲಿ.

ನನಗೆ ದುಖಾನಿನಲ್ಲಿ ಮಗನಿಲ್ಲ. ಎಲ್ಲಿಯೂ ಇಲ್ಲ. ನನಗೆ ಇರುವುದು ಒಬ್ಬಳೇ ಮಗಳು.

ಹಾಗಾದರೆ ಅವನು ಸುಳ್ಳು ಹೇಳಿದ. ಮುದುಕಿ ಬಿಸಿಲಲ್ಲಿ ಕೂರುವುದು ಬೇಡವೆಂದು ಹೇಳಿದ. ಅಥವಾ ಮುದುಕಿಯನ್ನು ಬೇಗ ಸಾಗಹಾಕಲು ಹೇಳಿದ. ಇಲ್ಲವೇ ಆ ಹೆಸರಿನವನು ದುಖಾನಿನಲ್ಲಿ ನಿಜವಾಗಿಯೂ ಇದ್ದಾನೆ, ಅವನಿಗೆ ಜ್ವರವೂ ಬಂದಿತ್ತು, ಅವನ ತಾಯಿ ನಾನೆಂದು ಎಲ್ಲರೂ ತಿಳಿದರು. ಆ ಹೆಸರಿಗೆ ಅದೂ ಆಗಬಹುದಾದದ್ದೇ. ಆದರೆ ಸ್ವಂತ ತಾಯಿ ಇಲ್ಲಿ ಬಂದಿದ್ದಾಳೆ ಎಂದರೆ ಆ ಜ್ವರದವನಿಗೆ ಆಶ್ಚರ್ಯ ಆಗಬೇಡವೇ? ಅವನು ಮಲಗಿದ್ದು, ಪಕ್ಕದವನು ಫೋನ್ ತೆಗೆದನೋ ಏನೋ. ಮೂರು ಮಹಡಿ ಹತ್ತುವಷ್ಟರಲ್ಲಿ ಹುಡುಗನನ್ನು ಐದು ಸಲ ಪಾಸು ಮಾಡಿ ಆರು ಸಲ ಫೇಲು ಮಾಡಿದೆ.

ಮೊಮ್ಮಗಳು ಬಾಗಿಲಲ್ಲೇ ಕಾದಿದ್ದಳು. ಎಲ್ಲ ಹೇಳಿದೆ.

"ಅಂದ್ರೆ ಸುಳ್ಳು ಹೇಳಿದ್ನಾ ಇಲ್ವಾ?"

"ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಹೇಗಜ್ಜಿ? ನಾನು ನಾಳೆ ಎಂತ ಹೇಳುದು?"

"ಸುಳ್ಳು ಹೇಳಿದ್ದು ನಾನು. ಅದಂತೂ ಗೊತ್ತುಂಟು. ಬಾಕಿದ್ದು ಗೊತ್ತಿಲ್ಲ."

ಒಳಗಿಂದ ಮಗಳು ಸೌಟು ಹಿಡಿದೇ ಬಂದಳು. "ನಿಮಗಿಬ್ಬರಿಗೂ ಬುದ್ಧಿ ಇಲ್ಲ. ಅವಳಿಗೆ ಇಪ್ಪತ್ತಮೂರು, ನಿಮಗೆ ಅರವತ್ತಮೂರು, ಎಂತ ವ್ಯತ್ಯಾಸ?" ಎಂದಳು. ಮೊಮ್ಮಗಳು ಆ ದಿನ ಪುಸ್ತಕ ಮುಟ್ಟಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಹುಡುಗ ಅವಳಿಗೆ ಇಷ್ಟವಾಗಿದ್ದಾನೆ ಎಂದು ನನಗೆ ತಿಳಿದದ್ದೇ ಆಗ. ಮೊದಲೇ ಹೇಳಿದ್ದರೆ ನಾನು ಹೋಗುತ್ತಲೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಏಳು ಗಂಟೆಗೆ ಮೊಮ್ಮಗಳ ಹತ್ತಿರ ಹುಡುಗನ ನಂಬರ್ ಒತ್ತಿಸಿ ನಾನೇ ಮಾತಾಡಿದೆ.

"ನಿನ್ನೆ ಬಸ್ಸಿನ ಹತ್ತಿರ ಬಂದ ಮುದುಕಿ ನಾನು. ನನಗೆ ಮಗ ಇಲ್ಲ. ಹುಡುಗಿ ನನ್ನ ಮೊಮ್ಮಗಳು. ನಿನ್ನನ್ನು ನೋಡ್ಲಿಕ್ಕೆ ಬಂದದ್ದು."

ಅವನಿಗೆ ಸಿಟ್ಟು ಬಂತು. "ಬಸ್ಸು ಲೇಟ್ ಆಯ್ತು ಅಂತ ನನಗೆ ಮೇಲಿನವರಿಂದ ಬೈಗುಳ ಸಿಕ್ಕಿದೆ ಅಮ್ಮ. ಪರೀಕ್ಷೆ ಮಾಡ್ಲಿಕ್ಕೆ ನಾನೆಂತ ಶಾಲೆ ಹುಡುಗನಾ?"

"ಅಲ್ಲ. ತಪ್ಪಾಯ್ತು."

"ಅವಳಿಗೆ ಗೊತ್ತುಂಟಾ ಇದು?"

ನಿನ್ನೆ ಅವನು ಹೇಳಿದ್ದು ನಿಜವೋ ಸುಳ್ಳೋ ಎಂದು ಕೇಳಲು ಬಾಯಿ ತೆರೆದಿದ್ದೆ. ಕೇಳಲು ನಾನು ಯಾರು? ಫೋನನ್ನು ಮೊಮ್ಮಗಳಿಗೆ ಕೊಟ್ಟೆ. ಅವಳು, "ಗೊತ್ತುಂಟು. ಕಳಿಸಿದ್ದು ನಾನೇ," ಎಂದಳು. ನೆವ ಹೇಳಲಿಲ್ಲ. ಫೋನ್ ಹಿಡಿದು ಕೋಣೆಗೆ ಹೋದಳು. ಅರ್ಧ ಗಂಟೆ ಬಿಟ್ಟು ಹೊರಗೆ ಬಂದಾಗ ಮುಖ ಕೆಂಪಾಗಿತ್ತು.

"ತುಂಬ ಬೈದ," ಎಂದಳು. "ಸಂಜೆ ಪುನಃ ಮಾಡ್ತಾನಂತೆ."

"ಬೈಲಿಕ್ಕಾ?"

"ಗೊತ್ತಿಲ್ಲ ಅಜ್ಜಿ."

ಹತ್ತು ಗಂಟೆಗೆ ಸರಿಯಾಗಿ ಹುಡುಗನ ಅಣ್ಣನ ಫೋನ್ ಬಂತು. ಮಗಳು ನನ್ನನ್ನು ನೋಡಿದಳು, ನಾನು ಮೊಮ್ಮಗಳನ್ನು ನೋಡಿದೆ. ಅವಳು ಹೌದೆಂದು ತಲೆ ಆಡಿಸಿದಳು. ನಾನು ಫೋನ್ ತೆಗೆದುಕೊಂಡು, "ನಮ್ಮ ಕಡೆಯಿಂದ ಒಪ್ಪಿಗೆ ಉಂಟು. ನಾವು ಅವನಿಗೆ ಆಗ್ತೇವಾ ಅಂತ ನಿಮ್ಮ ತಮ್ಮನನ್ನೇ ಕೇಳಿ," ಎಂದೆ.