ಭಾವನ ಪ್ಯಾಂಟಿನ ಕೆಂಪು ಕಲೆ

ನಮ್ಮ ಭಾವ ದೇಶದ ತಂಡಕ್ಕೆ ಮೂರು ಟೆಸ್ಟ್ ಆಡಿದವರು. ಅದನ್ನು ಅವರು ಹೇಳಿಕೊಂಡದ್ದಿಲ್ಲ. ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು, ಅವರ ಹೆಂಡತಿಯ ತಮ್ಮ. ಆರನೆಯವರಾಗಿ ಬ್ಯಾಟ್ ಹಿಡಿಯುತ್ತಿದ್ದರು, ಹೊಸ ಚೆಂಡು ಕೊಟ್ಟರೆ ಬೌಲಿಂಗನ್ನೂ ಶುರು ಮಾಡುತ್ತಿದ್ದರು. ತಂಡ ಸೋತರೆ ಎರಡೂ ಲೆಕ್ಕದಲ್ಲಿ ಬೈಗುಳ. ಆಲ್‌ರೌಂಡರ್ ಅಂದರೆ ಮನೆಯ ಹಿರಿಸೊಸೆ ಇದ್ದ ಹಾಗೆ. ಎಲ್ಲ ಕೆಲಸಕ್ಕೂ ಬೇಕು, ಹೊಗಳಿಕೆಗೆ ಮಾತ್ರ ನೆನಪಾಗುವುದಿಲ್ಲ.

ಪಂದ್ಯವಿಲ್ಲದ ದಿನ ಅವರು ಮುದ್ರಣಾಲಯದಲ್ಲಿ ಕಾಗದ ಕತ್ತರಿಸುತ್ತಿದ್ದರು. ಅದೇ ಬೀದಿಯಲ್ಲಿ ನನ್ನ ಬೂಟು ಹೊಲಿಯುವ ಅಂಗಡಿ. ಬೌಲ್ ಮಾಡುವಾಗ ಭಾವನ ಬಲಗಾಲು ನೆಲವನ್ನು ಕೆರೆದುಕೊಂಡು ಬರುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಬೂಟಿನ ಮೂತಿ ಸವೆದು ಬೆರಳು ಇಣುಕುತ್ತಿತ್ತು, ನಾನು ತೇಪೆ ಹಾಕುತ್ತಿದ್ದೆ. ಪ್ಯಾಂಟು ಅಕ್ಕನ ಪಾಲು. ಹೊಳಪಿಗೆಂದು ಚೆಂಡು ಉಜ್ಜಿ ಉಜ್ಜಿ ತೊಡೆಯ ಮೇಲೆ ಕೆಂಪು ಕಲೆ. ಅದನ್ನು ನೋಡಿಯೇ "ಇವತ್ತು ಇಪ್ಪತ್ತು ಓವರ್ ಹಾಕ್ಸಿದಾರೆ" ಅನ್ನುತ್ತಿದ್ದಳು. ಹೆಚ್ಚೆಂದರೆ ಒಂದೆರಡು ಓವರ್ ಆಚೀಚೆ.

ಮೂವತ್ತಮೂರನೇ ವಯಸ್ಸಿಗೆ ಭಾವನ ಭುಜ ಕೆಟ್ಟಿತು. ವಿದೇಶ ಪ್ರವಾಸದ ಆಯ್ಕೆಗೆ ಎರಡೇ ತಿಂಗಳಿತ್ತು, ಅದೇ ಅವರ ಕೊನೆಯ ಅವಕಾಶ. ಬರೀ ಬ್ಯಾಟಿಂಗಿಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಕ್ಲಬ್ಬಿನ ಕ್ಯಾಪ್ಟನ್ ಗೆಳೆಯ, ವಿಷಯ ಮುಚ್ಚಿಟ್ಟ. ಭಾವ ಮನೆಯಲ್ಲೂ ತುಟಿ ಬಿಚ್ಚಲಿಲ್ಲ. ಪ್ಯಾಂಟಿನ ಕಲೆ ಮಾತ್ರ ವಾರ ವಾರವೂ ಬರುತ್ತಿತ್ತು.

ಆಯ್ಕೆ ಪಂದ್ಯಕ್ಕೆ ವಾರವಿದ್ದಾಗ ಅಕ್ಕನ ಮನೆ ಬಾಗಿಲಲ್ಲಿದ್ದ ಭಾವನ ಬೂಟು ಎತ್ತಿ ನೋಡಿದೆ. ಎರಡು ತಿಂಗಳ ಹಿಂದೆ ಹಾಕಿದ ತೇಪೆ ಹೊಸದಾಗಿಯೇ ಇತ್ತು. ಮಹಾರಾಯರು ಒಂದು ಓವರನ್ನೂ ಹಾಕಿರಲಿಲ್ಲ; ಚೆಂಡನ್ನು ತೊಡೆಗೆ ತಿಕ್ಕಿಕೊಂಡು ಮನೆಗೆ ಬರುತ್ತಿದ್ದರು. ಒಳಗೆ ಹೋಗಿ ಬೂಟನ್ನು ಅಕ್ಕನ ಮುಂದೆ ಹಿಡಿದೆ.

"ನಿನ್ನ ಕಣ್ಣಿಗೆ ಮಣ್ಣೆರಚ್ತಿದಾರಲ್ಲೇ ಅಕ್ಕ!"

"ಮೊದಲನೇ ವಾರವೇ ಗೊತ್ತಾಯ್ತು ಕಣೋ. ನಿಜದ ಕಲೇಲಿ ಧೂಳಿರುತ್ತೆ. ಇದು ಬರೀ ಕೆಂಪು."

"ಮತ್ತೆ ಕೇಳ್ಲಿಲ್ವಾ?"

"ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ಬೇಕಾಗುತ್ತೆ ಪಾಪ. ಅವರಾಗೇ ಹೇಳ್ಲಿ. ನೀನು ಬಾಯಿ ಮುಚ್ಕೊಂಡಿರು."

ಆಯ್ಕೆ ಪಂದ್ಯದ ದಿನ ಅಕ್ಕ, ನಾನು ಇಬ್ಬರೂ ಬೌಂಡರಿ ಪಕ್ಕ, ಆಯ್ಕೆಗಾರರ ಕುರ್ಚಿಗಳ ಹಿಂದೆಯೇ ಕುಳಿತಿದ್ದೆವು. ಬೆಳಿಗ್ಗೆ ಭಾವ ಅರವತ್ತೆರಡು ರನ್ ಹೊಡೆದರು. ಮಧ್ಯಾಹ್ನ ಕ್ಯಾಪ್ಟನ್ ಚೆಂಡು ಕೊಟ್ಟ. ಹಲ್ಲು ಕಚ್ಚಿ ಒಂದು ಓವರ್ ಹಾಕಿದರು. ಒಂದು ಚೆಂಡಂತೂ ಬ್ಯಾಟಿನ ಅಂಚು ಸವರಿ ಹೋಯಿತು. ಆಯ್ಕೆಗಾರರು ತಲೆದೂಗಿದರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಭಾವ ವಿಮಾನ ಹತ್ತುತ್ತಿದ್ದರು.

ಅವರು ಚೆಂಡನ್ನು ಕ್ಯಾಪ್ಟನ್‌ಗೆ ಹಿಂದಿರುಗಿಸಿ ನೇರ ಆಯ್ಕೆಗಾರರ ಬಳಿಗೆ ನಡೆದು ಬಂದರು. ಮಾತು ನಮಗೂ ಕೇಳಿಸಿತು. "ಇನ್ನೊಂದು ಓವರ್ ಹಾಕೋಕೆ ಕೈ ಬರಲ್ಲ ಸಾರ್. ಎರಡು ತಿಂಗಳಿಂದ ಹೀಗೇ. ನನ್ನ ಕರ್ಕೊಂಡು ಹೋದ್ರೆ ನೀವು ಹತ್ತೇ ಜನ ಆಡ್ಬೇಕಾಗುತ್ತೆ."

ಮನೆಗೆ ಬಂದವರೇ ಪ್ಯಾಂಟು ಬದಲಿಸಿ ಬಚ್ಚಲಿಗೆ ಹೋದರು. "ಇವತ್ತಿಂದು ನಾನೇ ಒಗೀತೀನಿ" ಅಂದರು. ಅಕ್ಕ ಅದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದಳು.

"ಎರಡು ತಿಂಗಳು ಸುಳ್ಳು ಕಲೆ ಉಜ್ಜಿ ಕೈ ಸವೀತು. ಇದು ನಿಜದ್ದು. ನಾನೇ ಒಗೀತೀನಿ."

ಭಾವ ಅವಳ ಮುಖ ನೋಡಿದರು. ಆಮೇಲೆ ಬಚ್ಚಲ ಹೊಸಿಲ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತರು. ಬೈಯಬೇಕೆಂದು ವಾರದಿಂದ ಮಾತು ಕೂಡಿಟ್ಟಿದ್ದವನು ನಾನು. ಅವರ ಬೂಟು ಕೈಗೆತ್ತಿಕೊಂಡೆ. ಮೂತಿಯಲ್ಲಿ ಉಗುರಿನಷ್ಟು ಸವೆದಿತ್ತು.

"ತೇಪೆ ಹಾಕ್ಲಾ ಭಾವ?"

"ಬೇಡ ಬಿಡೋ" ಅಂದರು. "ಇನ್ನು ಸವೆಯಲ್ಲ."