ಹಿರಿಯನ ಮನೆ ಮೊದಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಒಬುರಾನ ಮದುವೆಯ ವಯಸ್ಸೆಲ್ಲ ಜೈಲಿನಲ್ಲೇ ಕಳೆದುಹೋಯಿತು, ಹಾಗಾಗಿ ನೋಡಲು ಉಳಿದದ್ದು ಮನೆಯೊಂದೇ. ಸರೋವರದ ದಡದಲ್ಲಿ ಮೀನು ಬಲೆಯ ವಿಷಯಕ್ಕೆ ಜಗಳವಾಗಿ ಅವನು ದೋಣಿಯ ಹುಟ್ಟು ಬೀಸಿದ್ದ. ಪೆಟ್ಟು ತಿಂದವನು ಮೇಲೇಳಲಿಲ್ಲ. ತಪ್ಪು ನನ್ನದಲ್ಲ ಎಂದು ಒಬುರಾ ಒಂದು ದಿನವೂ ಹೇಳಿದವನಲ್ಲ. ಅಷ್ಟನ್ನಾದರೂ ಅವನ ಪರವಾಗಿ ಹೇಳಬೇಕು.

ಜೈಲಿನಲ್ಲಿ ಅವನ ಕೈಗೆ ಹತ್ತಿದ್ದು ಇಟ್ಟಿಗೆ ಕೆಲಸ. ಕೆಮ್ಮಣ್ಣಿಗೆ ಚೂರು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ನೆರಳಲ್ಲಿ ಒಣಗಿಸುವ ಇಟ್ಟಿಗೆ. ಸುಡುವುದು ಬೇಡ, ಅದಕ್ಕಾಗಿ ಮರ ಕಡಿಯುವುದೂ ಬೇಡ. ಹೊರಬಂದ ಮೇಲೆ, ಬಿಡುಗಡೆಯಾದವರಿಗೆ ಸೂರು ಒದಗಿಸುವ ಸಂಘವೊಂದು ಕಿಸುಮು ಪಟ್ಟಣದ ಅಂಚಿನಲ್ಲಿ ಅವನಿಗೊಂದು ಕೋಣೆ ಕೊಟ್ಟಿತು. ಅಂಥ ಕೋಣೆಗಳನ್ನು ಕಟ್ಟುವ ಕೆಲಸವನ್ನೂ ಕೊಟ್ಟಿತು. ಕಟ್ಟಳೆ ಒಂದೇ: ತನ್ನ ಊರಿನಲ್ಲಿ ಸ್ವಂತ ಮನೆ ಎಬ್ಬಿಸಿದವನು ಕೋಣೆಯನ್ನು ಹೊಸದಾಗಿ ಹೊರಬಂದವನಿಗೆ ಬಿಟ್ಟುಕೊಡಬೇಕು. ಎಷ್ಟೋ ಜನ ಬಂದರು, ಬಿಟ್ಟು ಹೋದರು. ಒಬುರಾನ ಕಡೆ ಮಾತ್ರ ಊರಿನವರು ಯಾರೂ ತಲೆ ಹಾಕಲಿಲ್ಲ.

ಒಂದು ಭಾನುವಾರ ತಮ್ಮ ಓವಿತಿ ಬಂದ. ಕುಳಿತುಕೊಳ್ಳದೆ ಬಾಗಿಲಲ್ಲೇ ನಿಂತು, "ಅಣ್ಣಾ, ಊರಿಗೆ ಬಂದು ಮನೆ ಕಟ್ಟು" ಅಂದ.

ನಮ್ಮ ಲುವೋ ಜನರಲ್ಲಿ ಅಣ್ಣ ಕಟ್ಟದೆ ತಮ್ಮ ಕಟ್ಟುವಂತಿಲ್ಲ. ದಾಟಿ ಕಟ್ಟಿದರೆ ಅಣ್ಣನನ್ನು ಸತ್ತವರ ಜೊತೆ ಸೇರಿಸಿದ ಹಾಗೆ. ಆ ಕೇಡು ಮಕ್ಕಳಿಗೆ ತಟ್ಟುತ್ತದೆ. ಅದಕ್ಕೇ ಓವಿತಿ ಇಷ್ಟು ವರ್ಷ ಹೆಂಡತಿ ಅದೇರೊ ಮತ್ತು ಮೂರು ಮಕ್ಕಳ ಜೊತೆ ಸಂತೆಬೀದಿಯ ತಗಡಿನ ಬಾಡಿಗೆ ಕೋಣೆಯಲ್ಲಿ ಬೇಯುತ್ತಿದ್ದ. ಇದೆಲ್ಲ ಒಬುರಾನಿಗೆ ಗೊತ್ತಿತ್ತು. ಗೊತ್ತಿದ್ದೂ, ತಮ್ಮ ಕರೆಯಲು ಬಂದದ್ದು ಶಾಸ್ತ್ರಕ್ಕಲ್ಲ, ತನ್ನನ್ನೇ ಅಂದುಕೊಂಡ. ಒಂಟಿತನ ಎಂಥವನನ್ನೂ ಪೆದ್ದನನ್ನಾಗಿ ಮಾಡುತ್ತದೆ.

ಅಪ್ಪ ಇಲ್ಲದ ಕಾರಣ ಚಿಕ್ಕಪ್ಪ ಒಲುಂ ಮೊದಲ ಗುದ್ದಲಿ ಹಾಕಿದ. ಅಲ್ಲೇ ತಗಾದೆ ಶುರುವಾಯಿತು.

"ನಾಲ್ಕು ಕಂಬ ನೆಟ್ಟು ಮಣ್ಣು ಮೆತ್ತು, ಮೇಲೊಂದು ತಗಡು ಹಾಕು. ಒಂದು ದಿನದ ಕೆಲ್ಸ," ಅಂದ ಓವಿತಿ. "ಒಂದು ರಾತ್ರಿ ಮಲಗೆದ್ರೆ ಶಾಸ್ತ್ರ ಮುಗೀತು."

"ಒಂದು ದಿನದ ಮನೆ ಒಂದು ಮಳೆಗೆ ಕೂತುಬಿಡುತ್ತೆ ಕಣೋ. ಇಟ್ಟಿಗೇಲೇ ಕಟ್ತೀನಿ. ನಾನು ಮುದುಕ ಆದ್ರೂ ನಿಂತಿರ್ಬೇಕು."

ಗೋಡೆ ಎದೆಯೆತ್ತರ ಬಂದಾಗ ಚಿಕ್ಕಪ್ಪ ಸುತ್ತು ಹಾಕಿ ನೋಡಿದ. "ಜೈಲಿನ ಗೋಡೆ ಸಾಲ್ದಾಯ್ತೇನೋ ನಿಂಗೆ? ಇಲ್ಲೂ ಅಷ್ಟೇ ದಪ್ಪ ಎಬ್ಬಿಸ್ತಿದೀಯ."

"ಅಲ್ಲಿ ಕಿಟಕಿ ತಲೆಗಿಂತ ಮೇಲಿತ್ತು, ಚಿಕ್ಕಪ್ಪ. ಇಲ್ಲಿ ಕೂತ್ರೆ ಸರೋವರ ಕಾಣುತ್ತೆ."

ಮನೆ ಕಟ್ಟುವಾಗ ನೆರೆಯ ಹೆಂಗಸರು ಸರೋವರದಿಂದ ನೀರು ಹೊತ್ತು ತರುವುದು, ಹಾಡಿಕೊಂಡು ಗೋಡೆ ಮೆತ್ತುವುದು ನಮ್ಮ ರೂಢಿ. ಒಬುರಾನ ಮನೆಗೆ ಒಂದು ಕೊಡ ನೀರೂ ಬರಲಿಲ್ಲ. ಜನ ದಾರಿಯಲ್ಲಿ ನಿಂತು ನೋಡಿ, ಕೆಲಸ ಚೆನ್ನಾಗಿದೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೋದರು. ಮಣ್ಣು ಕಲಸಿದವನೂ ಅವನೇ, ಯಂತ್ರದ ಹಿಡಿ ಒತ್ತಿದವನೂ ಅವನೇ. ಹಾಗಿದ್ದರೂ ಅವನು ಸಂತೋಷವಾಗಿದ್ದ, ಅದೇ ನನಗೆ ಸಂಕಟ. ಬಾಗಿಲು ಕೂರಿಸಿದ ಮರುದಿನ ಕಿಸುಮುವಿಗೆ ಹೋಗಿ, ತನ್ನ ಕೋಣೆಯನ್ನು ಹಿಂದಿನ ವಾರವಷ್ಟೇ ಬಿಡುಗಡೆಯಾಗಿದ್ದ ಒಬ್ಬನಿಗೆ ಒಪ್ಪಿಸಿ, ಚಾಪೆ ಪಾತ್ರೆ ಕಟ್ಟಿಕೊಂಡು ಬಂದ.

ಆ ಸಂಜೆ ಅದೇರೊ ಉಗಾಲಿ ಮುದ್ದೆ, ಹುರಿದ ಮೀನು ಕಳಿಸಿದಳು. ತಂದ ಚಿಕ್ಕಪ್ಪ ಹೊಸಿಲ ಹೊರಗೇ ಇಟ್ಟು ಹೋದ. ಒಬುರಾ ಎರಡು ತಟ್ಟೆ ತೆಗೆದಿಟ್ಟುಕೊಂಡು ಕಾದ, ತಮ್ಮ ಬರಬಹುದೆಂದು. ಮುದ್ದೆ ಆರಿ ಗಟ್ಟಿಯಾದ ಮೇಲೆ ಒಬ್ಬನೇ ತಿಂದ.

ಬೆಳಕು ಹರಿಯುವಾಗ ಹೊರಗೆ ಗೂಟ ಹೊಡೆಯುವ ಸದ್ದು. ಬಾಗಿಲು ತೆರೆದರೆ ಓವಿತಿ, ಅಂಗಳದ ಆ ಬದಿಯಲ್ಲಿ ತನ್ನ ಮನೆಗೆ ಅಳತೆ ಹಗ್ಗ ಎಳೆಯುತ್ತಿದ್ದ. ಮಕ್ಕಳು ಒಬುರಾನ ಕಿಟಕಿಯ ಕೆಳಗೆ ಉಳಿದ ಇಟ್ಟಿಗೆ ಜೋಡಿಸಿ ಆಡುತ್ತಿದ್ದವು.

"ನಿದ್ದೆ ಬಂತಾ ಅಣ್ಣಾ?"

"ಬಂತು."

"ಸದ್ಯ, ಶಾಸ್ತ್ರ ಆಯ್ತಲ್ಲ. ಬಸ್ಸು ಎಷ್ಟೊತ್ತಿಗೆ ನಿಂದು?"

"ಯಾವ ಬಸ್ಸು? ಆ ಕೋಣೆ ಬಿಟ್ಟುಕೊಟ್ಟು ಬಂದೆನಲ್ಲೋ. ನಿನ್ನ ಮನೆಗೂ ಇಟ್ಟಿಗೆ ನಾನೇ ಒತ್ತಿಕೊಡ್ತೀನಿ."

ಓವಿತಿ ಸುತ್ತಿಗೆ ಕೆಳಗಿಟ್ಟ. "ಅಂದ್ರೆ, ಇನ್ಮೇಲೆ ಇಲ್ಲೇನಾ?"

"ಇಲ್ಲೇ."

ತಮ್ಮ ಬೈಯಲಿಲ್ಲ, ಮುಖವನ್ನೂ ಗಂಟಿಕ್ಕಲಿಲ್ಲ. ಮಕ್ಕಳನ್ನು ಒಂದೊಂದಾಗಿ ಹೆಸರು ಹಿಡಿದು, ಮೆಲ್ಲಗೆ, ಅಣ್ಣನ ಕಿಟಕಿಯ ಕೆಳಗಿಂದ ತನ್ನ ಕಡೆಗೆ ಕರೆದುಕೊಂಡ.